ಮಕ್ಕಳ ಕಾಲೇಜು ಓದಿಗೆ ಹಣ: ಕೇಳಿ ಪಡೆಯೋಣ

ಮಗಳು ಪಾಸಾದಳು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಓಣಿಯವರಿಗೆಲ್ಲ ಸಕ್ಕರೆ ಹಂಚಿದ್ದೂ ಆಯಿತು.

ಆಮೇಲೆ ತಾಯಿಗೆ ಚಿಂತೆ ಶುರುವಾಗುತ್ತದೆ. ಮುಂದೆ ಕಾಲೇಜಿಗೆ ಕಳಿಸೋದು ಹೇಗೆ? ಫೀಸು ಕಟ್ಟಬೇಕು. ಪುಸ್ತಕ ಬೇಕು. ಊರಿಂದ ದೂರವಾದರೆ ಊಟ, ವಸತಿ ಬೇಕು. ಕೂಲಿ ಹಣದಲ್ಲಿ ಇದೆಲ್ಲ ಆಗುತ್ತಾ?

"ಓದಿದ್ದು ಸಾಕು, ಮದುವೆ ಮಾಡಿಬಿಡೋಣ" ಎನ್ನುತ್ತಾರೆ ಕೆಲವರು. "ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲಿ" ಎನ್ನುತ್ತಾರೆ ಇನ್ನು ಕೆಲವರು. ಮಗ ಆದರೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಓದು ಅಲ್ಲಿಗೇ ನಿಲ್ಲುತ್ತದೆ.

ಅಕ್ಕ, ಸ್ವಲ್ಪ ತಾಳಿ. ಓದು ನಿಲ್ಲಿಸುವ ಮೊದಲು ಈ ಪಾಠ ಓದಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಸರ್ಕಾರ ಹಣ ಕೊಡುತ್ತದೆ. ಕೆಲವು ಸಂಸ್ಥೆಗಳೂ ಕೊಡುತ್ತವೆ. ಇದಕ್ಕೆ ವಿದ್ಯಾರ್ಥಿವೇತನ ಎಂದು ಹೆಸರು. ಮಕ್ಕಳು ಇದನ್ನೇ ಸ್ಕಾಲರ್‌ಶಿಪ್ ಎನ್ನುತ್ತಾರೆ.

ಇದು ಸಾಲವಾ? ದಾನವಾ?

ತಾಯಿ: ಈ ಹಣ ವಾಪಸ್ ಕಟ್ಟಬೇಕಾ ಅಕ್ಕ?

ಕಾರ್ಯಕರ್ತೆ: ಇಲ್ಲಮ್ಮ. ಬ್ಯಾಂಕಿನವರು ಕೊಡೋದು ಸಾಲ. ಅದಕ್ಕೆ ಬಡ್ಡಿ ಉಂಟು. ವಿದ್ಯಾರ್ಥಿವೇತನ ಸಾಲ ಅಲ್ಲ. ವಾಪಸ್ ಕಟ್ಟಬೇಕಾಗಿಲ್ಲ.

ತಾಯಿ: ಹಾಗಾದರೆ ದಾನ ಬೇಡಿದ ಹಾಗಲ್ವಾ? ನಾಚಿಕೆ ಆಗುತ್ತೆ.

ಕಾರ್ಯಕರ್ತೆ: ನಾಚಿಕೆ ಯಾಕೆ? ನೀವು ಸೋಪು ಕೊಂಡರೂ ಅದರ ಬೆಲೆಯಲ್ಲಿ ಒಂದಿಷ್ಟು ಹಣ ಸರ್ಕಾರದ ಖಜಾನೆಗೆ ಸೇರುತ್ತೆ. ಆ ಖಜಾನೆಯ ಹಣ ನಮ್ಮೆಲ್ಲರದು. ಅದರಲ್ಲಿ ನಿಮ್ಮ ಮಗಳ ಪಾಲೂ ಇದೆ.

ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರು ನಿಮಗೆ ಗೊತ್ತು. ಅವರೂ ವಿದ್ಯಾರ್ಥಿವೇತನ ಪಡೆದು ಓದಿದವರು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಅವರ ಕಾಲೇಜು ಓದಿಗೆ ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಅದೇ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ನಮ್ಮ ಸಂವಿಧಾನದ ಕರಡನ್ನು ಸಿದ್ಧಪಡಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು.

ಯಾರು ಯಾರು ಕೊಡುತ್ತಾರೆ?

ವಿದ್ಯಾರ್ಥಿವೇತನ ಹಲವು ಕಡೆಯಿಂದ ಬರುತ್ತದೆ. ಒಂದೊಂದಾಗಿ ನೋಡೋಣ.

1. ರಾಜ್ಯ ಸರ್ಕಾರ

ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಇವರ ಮಕ್ಕಳಿಗೆ ಬೇರೆ ಬೇರೆ ಇಲಾಖೆಗಳು ಹಣ ಕೊಡುತ್ತವೆ. ಎಸ್ಸೆಸ್ಸೆಲ್ಸಿ ಆದ ಮೇಲಿನ ಓದಿಗೆ ಕೊಡುವ ಹಣಕ್ಕೆ 'ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ' ಎನ್ನುತ್ತಾರೆ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಈ ಯೋಜನೆ 1944ರಿಂದಲೂ ಇದೆ. ಅದಕ್ಕೆ ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಮೀರಿರಬಾರದು.

ಇದಕ್ಕೆಲ್ಲ ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ಆ ಜಾಗದ ಹೆಸರು 'ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್'. ಚಿಕ್ಕದಾಗಿ ಎಸ್.ಎಸ್.ಪಿ. ಈ ಮೂರು ಅಕ್ಷರ ನೆನಪಿಡಿ. ಎಲ್ಲಿ ಹೋದರೂ ಇದನ್ನೇ ಕೇಳಿ.

ಸರ್ಕಾರಿ ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ, ವಸತಿಗೆಂದು 'ವಿದ್ಯಾಸಿರಿ' ಎಂಬ ಯೋಜನೆ ಇದೆ. 2013ರಲ್ಲಿ ಇದು ಶುರುವಾದಾಗ ತಿಂಗಳಿಗೆ 1,500 ರೂ.ನಂತೆ 10 ತಿಂಗಳು ಹಣ ಕೊಡುವುದೆಂದು ನಿಗದಿಯಾಯಿತು.

ಪದವಿ ಓದುವ ಹೆಣ್ಣುಮಕ್ಕಳಿಗೆಂದೇ 'ಸಂಚಿ ಹೊನ್ನಮ್ಮ ವಿದ್ಯಾರ್ಥಿವೇತನ' ಇದೆ. ಸಂಚಿ ಹೊನ್ನಮ್ಮ ಯಾರು ಗೊತ್ತೇ? ಸುಮಾರು 300 ವರ್ಷದ ಹಿಂದೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಕೆಲಸ ಮಾಡುತ್ತಿದ್ದವಳು. ಅವಳು ಓದು ಬರಹ ಕಲಿತಳು. 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆದಳು. ಇಂದಿಗೂ ಅವಳ ಹೆಸರು ಉಳಿದಿದೆ.

2. ಕೇಂದ್ರ ಸರ್ಕಾರ

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನ ಉಂಟು. ಪದವಿ ಓದುವಾಗ ವರ್ಷಕ್ಕೆ 12,000 ರೂ. ಮನೆಯ ಆದಾಯ ನಾಲ್ಕೂವರೆ ಲಕ್ಷದ ಒಳಗಿರಬೇಕು. ಇದಕ್ಕೆ ಜಾತಿಯ ಮಿತಿ ಇಲ್ಲ. ಅರ್ಧದಷ್ಟು ಹೆಣ್ಣುಮಕ್ಕಳಿಗೇ ಮೀಸಲು.

ಮಗಳು ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದ್ದಾಳಾ? ಹಾಗಿದ್ದರೆ 'ಪ್ರಗತಿ' ಎಂಬ ವಿದ್ಯಾರ್ಥಿವೇತನದ ಬಗ್ಗೆ ಕೇಳಿ. ಆಯ್ಕೆಯಾದರೆ ವರ್ಷಕ್ಕೆ 50,000 ರೂ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಇದು ಸಿಗುತ್ತದೆ. ಮನೆಯ ಆದಾಯ ಎಂಟು ಲಕ್ಷದ ಒಳಗಿರಬೇಕು.

ಈ ಎರಡಕ್ಕೂ ಅರ್ಜಿ ಹಾಕುವ ಜಾಗ ಬೇರೆ. ಅದು 'ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್'. ಚಿಕ್ಕದಾಗಿ ಎನ್.ಎಸ್.ಪಿ.

3. ನೀವು ಮಾಡುವ ಕೆಲಸದಿಂದ

ಇದು ಬಹಳ ಜನರಿಗೆ ಗೊತ್ತೇ ಇಲ್ಲ. ತಾಯಿ ತಂದೆ ಮಾಡುವ ಕೆಲಸದ ಮೇಲೂ ಮಕ್ಕಳಿಗೆ ಹಣ ಸಿಗುತ್ತದೆ.

ನೀವು ಬೀಡಿ ಕಟ್ಟುತ್ತೀರಾ? ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ನಿಮ್ಮ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಉಂಟು. ಒಂದನೇ ತರಗತಿಗೆ ವರ್ಷಕ್ಕೆ 1,000 ರೂ. ಓದು ಮೇಲೆ ಹೋದ ಹಾಗೆ ಹಣವೂ ಹೆಚ್ಚುತ್ತದೆ. ಎಂಜಿನಿಯರಿಂಗ್, ವೈದ್ಯಕೀಯದಂಥ ಓದಿಗೆ 25,000 ರೂ. ಇದೆ.

ಮನೆ ಕಟ್ಟುವ ಕೆಲಸ, ಗಾರೆ ಕೆಲಸ ಮಾಡುತ್ತೀರಾ? ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿರಬೇಕು. ಹೆಸರು ಬರೆಸಿದವರ ಮಕ್ಕಳ ಓದಿಗೆ ಮಂಡಳಿ ಸಹಾಯ ಕೊಡುತ್ತದೆ.

ಹೊಲ ಇದೆಯಾ? ರೈತರ ಮಕ್ಕಳಿಗೆ 'ರೈತ ವಿದ್ಯಾನಿಧಿ' ಯೋಜನೆ 2021ರಲ್ಲಿ ಬಂತು. ಆಗ ಪಿಯುಸಿ ಓದುವ ಹೆಣ್ಣುಮಕ್ಕಳಿಗೆ 3,000 ರೂ., ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಓದುವ ಹೆಣ್ಣುಮಕ್ಕಳಿಗೆ 11,000 ರೂ. ಎಂದು ನಿಗದಿ ಮಾಡಿದ್ದರು. ಈ ವರ್ಷದ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

4. ಸಂಸ್ಥೆಗಳು

ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲಾ ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವಿದ್ಯಾರ್ಥಿವೇತನ ಕೊಡುತ್ತದೆ. 2025-26ನೇ ಸಾಲಿನಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೂ ಇದು ಇತ್ತು. ಆಯ್ಕೆಯಾದವರಿಗೆ ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ ವರ್ಷಕ್ಕೆ 30,000 ರೂ.

ಒಂದು ಮಾತು. ಕೆಲವು ವಿದ್ಯಾರ್ಥಿವೇತನ ಪಡೆದರೆ ಇನ್ನೊಂದನ್ನು ಪಡೆಯುವಂತಿಲ್ಲ. ಯಾವುದರಲ್ಲಿ ಹೆಚ್ಚು ಹಣ ಇದೆ, ಯಾವುದರ ಜೊತೆ ಯಾವುದು ನಡೆಯುತ್ತದೆ ಎಂದು ಕಾಲೇಜಿನಲ್ಲಿ ವಿಚಾರಿಸಿ ಅರ್ಜಿ ಹಾಕಿ.

ಎಂಟನೇ ತರಗತಿಯಿಂದಲೇ ಶುರುಮಾಡಿ

ಮಗು ಕಾಲೇಜು ಸೇರುವವರೆಗೆ ಕಾಯಬೇಡಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುವ ಮಕ್ಕಳಿಗೆ ಒಂದು ಪರೀಕ್ಷೆ ಇದೆ. ಅದರ ಹೆಸರು ಎನ್.ಎಂ.ಎಂ.ಎಸ್. ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂ. ಬರುತ್ತದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. 48,000 ರೂ.! ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ. "ನನ್ನ ಮಗುವನ್ನೂ ಎನ್.ಎಂ.ಎಂ.ಎಸ್. ಪರೀಕ್ಷೆಗೆ ಕೂರಿಸಿ" ಎನ್ನಿ.

ಹಣ ತಪ್ಪಿಹೋಗುವುದು ಯಾಕೆ?

ಮಗು ದಡ್ಡ, ಅದಕ್ಕೇ ಹಣ ಬರಲಿಲ್ಲ ಎಂದು ಎಷ್ಟೋ ತಾಯಂದಿರು ತಿಳಿಯುತ್ತಾರೆ. ಅದು ಸರಿಯಲ್ಲ. ಎಷ್ಟೋ ಸಲ ಮಗುವಿನಲ್ಲಿ ತಪ್ಪಿರುವುದಿಲ್ಲ. ತಪ್ಪು ಕಾಗದದಲ್ಲಿ ಇರುತ್ತದೆ. ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಬ್ಯಾಂಕ್ ಖಾತೆ ಸರಿ ಇರುವುದಿಲ್ಲ. ಇಲ್ಲವೇ ಕಡೆಯ ದಿನ ಕಳೆದುಹೋಗಿರುತ್ತದೆ.

ಇವುಗಳನ್ನು ನೋಡಿಕೊಳ್ಳಲು ದೊಡ್ಡ ಓದು ಬೇಡ. ನಿಮಗೆ ಈಗ ಅಕ್ಷರ ಬರುತ್ತದೆ. ಅಂಕಿ ಬರುತ್ತದೆ. ಅಷ್ಟು ಸಾಕು.

ಮೊದಲನೆಯ ಕೆಲಸ: ಕಾಗದದ ಚೀಲ

ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಮಳೆ ಸೋರದ, ಇಲಿ ಕಡಿಯದ ಕಡೆ ಇಡಿ. ಅದರಲ್ಲಿ ಇವು ಇರಲಿ:

- ಮಗುವಿನ ಆಧಾರ್ ಕಾರ್ಡು, ತಾಯಿ ತಂದೆಯ ಆಧಾರ್ ಕಾರ್ಡು
- ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಮೇಲಿನ ಎಲ್ಲ ಅಂಕಪಟ್ಟಿ
- ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ
- ರೇಷನ್ ಕಾರ್ಡು
- ಬ್ಯಾಂಕ್ ಪಾಸ್‌ಬುಕ್
- ಕಾಲೇಜಿಗೆ ಫೀಸು ಕಟ್ಟಿದ ರಸೀದಿ
- ನಾಲ್ಕು ಫೋಟೊ

ಜಾತಿ ಪತ್ರ, ಆದಾಯ ಪತ್ರ ಸಿಗುವುದು ನಾಡಕಚೇರಿಯಲ್ಲಿ. ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಕೊಡಬಹುದು. ಪತ್ರ ಮಗುವಿನ ಹೆಸರಿನಲ್ಲಿ ಇರಲಿ. ಅರ್ಜಿ ಕೊಟ್ಟಾಗ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಪತ್ರ ಯಾವ ದಿನದೊಳಗೆ ಸಿಗಬೇಕು ಎಂಬುದೂ ಇರುತ್ತದೆ. ಚೀಟಿ ಜೋಪಾನ.

ಪತ್ರ ಕೈಗೆ ಬಂದಾಗ ನೋಡಿ. ಅದರಲ್ಲಿ 'ಆರ್.ಡಿ.' ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಅರ್ಜಿಗೆ ಆ ಸಂಖ್ಯೆ ಬೇಕೇ ಬೇಕು. ಆದಾಯ ಪತ್ರ ಐದು ವರ್ಷಕ್ಕೆ ಹಳೆಯದಾಗುತ್ತದೆ. ಯಾವ ದಿನ ಕೊಟ್ಟಿದ್ದಾರೆ ಎಂದು ಓದಿ. ಹಳೆಯದಾಗಿದ್ದರೆ ಕಾಲೇಜು ಸೇರುವ ಮೊದಲೇ ಹೊಸದು ಮಾಡಿಸಿ.

ಎರಡನೆಯ ಕೆಲಸ: ಅಕ್ಷರ ಹೋಲಿಸುವುದು

ಆಧಾರ್ ಕಾರ್ಡು ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕ ಪಕ್ಕ ಇಡಿ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಅಕ್ಷರ ನೋಡಿ.

ಒಂದರಲ್ಲಿ 'ಲಕ್ಷ್ಮಿ' ಎಂದಿದೆ. ಇನ್ನೊಂದರಲ್ಲಿ 'ಲಕ್ಷ್ಮಮ್ಮ' ಎಂದಿದೆ. ನಿಮಗೆ ಇಬ್ಬರೂ ಒಬ್ಬಳೇ ಮಗಳು. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ! ಅದು ಅರ್ಜಿಯನ್ನು ಮುಂದಕ್ಕೆ ಬಿಡುವುದಿಲ್ಲ. ತಂದೆಯ ಹೆಸರಿನ ಅಕ್ಷರ, ಹುಟ್ಟಿದ ದಿನ ಇವನ್ನೂ ನೋಡಿ. ಇಂಗ್ಲಿಷ್ ಅಕ್ಷರಗಳನ್ನು ಮಗುವಿನಿಂದಲೇ ಓದಿಸಿ.

ವ್ಯತ್ಯಾಸ ಇದ್ದರೆ ಆಧಾರ್ ಕೇಂದ್ರಕ್ಕೆ ಅಂಕಪಟ್ಟಿ ತೆಗೆದುಕೊಂಡು ಹೋಗಿ. ಅಂಕಪಟ್ಟಿಯಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿ. ಆಧಾರ್‌ಗೆ ಕೊಟ್ಟ ಫೋನ್ ನಂಬರು ಈಗಲೂ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಅದನ್ನೂ ಬದಲಾಯಿಸಿ. ಇಲ್ಲವಾದರೆ ಅರ್ಜಿ ಹಾಕುವ ದಿನ ಬರಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಓಟಿಪಿ, ಯಾರದೋ ಫೋನಿಗೆ ಹೋಗುತ್ತದೆ.

ಮೂರನೆಯ ಕೆಲಸ: ಬ್ಯಾಂಕ್ ಖಾತೆ

ಸರ್ಕಾರದ ವಿದ್ಯಾರ್ಥಿವೇತನ ಮಗುವಿನ ಖಾತೆಗೇ ಬರುತ್ತದೆ. ಖಾತೆ ಇದ್ದರೆ ಮಾತ್ರ ಸಾಲದು. ಅದಕ್ಕೆ ಆಧಾರ್ ಜೋಡಿಸಿರಬೇಕು. ಬ್ಯಾಂಕಿಗೆ ಆಧಾರ್ ನಕಲು ಕೊಟ್ಟಿದ್ದೇವೆ, ಮುಗೀತು ಎಂದುಕೊಳ್ಳಬೇಡಿ. ಬ್ಯಾಂಕಿನಲ್ಲಿ ಹೀಗೆ ಕೇಳಿ:

"ಸರ್ಕಾರದ ಹಣ ಬರೋ ಹಾಗೆ ಈ ಖಾತೆಗೆ ಎನ್.ಪಿ.ಸಿ.ಐ. ಜೋಡಣೆ ಆಗಿದೆಯಾ? ನೋಡಿ ಹೇಳಿ."

ಆಗಿಲ್ಲ ಎಂದರೆ ಅರ್ಜಿ ಬರೆದುಕೊಡಿ. ಎರಡು ಖಾತೆ ಇದ್ದರೆ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಹಣ ಬಂದಿಲ್ಲ ಅನ್ನಿಸಿದಾಗ ಇನ್ನೊಂದು ಪಾಸ್‌ಬುಕ್ಕನ್ನೂ ತೆಗೆದು ನೋಡಿ. ಬ್ಯಾಂಕು ದೂರವಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲೂ ಖಾತೆ ತೆರೆಯಬಹುದು.

ಅರ್ಜಿ ಹಾಕುವ ದಿನ

ಅರ್ಜಿ ಯಾವಾಗ ಶುರು, ಕಡೆಯ ದಿನ ಯಾವುದು ಎಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಪತ್ರಿಕೆಯಲ್ಲೂ ಬರುತ್ತದೆ. ಕಡೆಯ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನದವರೆಗೆ ಕಾಯಬೇಡಿ. ಕಡೆಯ ದಿನ ಎಲ್ಲರೂ ಒಟ್ಟಿಗೆ ಬರುತ್ತಾರೆ. ಕಂಪ್ಯೂಟರು ನಿಧಾನವಾಗುತ್ತದೆ. ಕರೆಂಟೂ ಹೋಗಬಹುದು.

ಅರ್ಜಿಯನ್ನು ಗ್ರಾಮ ಒನ್ ಕೇಂದ್ರದಲ್ಲಿ ಹಾಕಿಸಬಹುದು. ಕಾಲೇಜಿನಲ್ಲಿ ಸಹಾಯ ಕೇಳಬಹುದು. ಮಗು ಫೋನಿನಲ್ಲೇ ಹಾಕಿಕೊಳ್ಳಬಹುದು. ಯಾರೇ ಹಾಕಿದರೂ ನೀವು ಪಕ್ಕದಲ್ಲಿ ಕೂತು ನೋಡಿ. ಕಳಿಸುವ ಮೊದಲು ಹೆಸರು, ಆರ್.ಡಿ. ಸಂಖ್ಯೆ, ಕಾಲೇಜಿನ ಹೆಸರು, ಯಾವ ವರ್ಷದ ಓದು, ಇಷ್ಟನ್ನೂ ಓದಿಸಿ ಕೇಳಿ. ಅರ್ಜಿಯ ಪ್ರತಿ ತೆಗೆಸಿ. ಅದರ ಮೇಲೆ ಅರ್ಜಿ ಸಂಖ್ಯೆ ಇರುತ್ತದೆ. ಅದನ್ನೂ ಚೀಲಕ್ಕೆ ಹಾಕಿ.

ಅರ್ಜಿ ಹಾಕಿದ ಮೇಲೆ

ಬಿತ್ತಿದರೆ ಮುಗೀತಾ? ಕಳೆ ತೆಗೆಯಬೇಡವೇ? ಅರ್ಜಿಯೂ ಹಾಗೇ.

ಅರ್ಜಿಯನ್ನು ಕಾಲೇಜಿನವರು ನೋಡಿ ಸರಿ ಇದೆ ಎಂದು ಒಪ್ಪಬೇಕು. ಆಮೇಲೆ ಇಲಾಖೆ ನೋಡುತ್ತದೆ. ಹದಿನೈದು ದಿನ ಬಿಟ್ಟು ಮಗುವಿನಿಂದ ಕಾಲೇಜಿನಲ್ಲಿ ಕೇಳಿಸಿ. ತಿಂಗಳಿಗೊಮ್ಮೆ ಅರ್ಜಿ ಸಂಖ್ಯೆ ಕೊಟ್ಟು ಎಲ್ಲಿಗೆ ಬಂತು ಎಂದು ನೋಡಿಸಿ. ತಿರಸ್ಕಾರ ಆಗಿದ್ದರೆ ಕಾರಣ ಕೇಳಿ. ತಿದ್ದಲು ಆಗುವಂಥದ್ದಾದರೆ ಕೂಡಲೇ ತಿದ್ದಿಸಿ. ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ.

ಒಂದು ವರ್ಷ ಬಂತು ಅಂದರೆ ಪ್ರತಿ ವರ್ಷ ತಾನಾಗೇ ಬರುತ್ತದೆ ಎಂದು ಸುಮ್ಮನಿರಬೇಡಿ. ಪ್ರತಿ ವರ್ಷವೂ ಅರ್ಜಿ ಹಾಕಬೇಕು.

ಹಣ ತಡವಾದರೆ?

ನಿಜ ಹೇಳಬೇಕು. ಫೀಸು ಕೇಳುವುದು ಕಾಲೇಜು ಶುರುವಾದಾಗ. ವಿದ್ಯಾರ್ಥಿವೇತನ ಎಷ್ಟೋ ತಿಂಗಳ ಮೇಲೆ ಬರುವುದುಂಟು. ಈ ನಡುವೆ ಮಗು ಓದು ಬಿಡಬಾರದು. ಬಡ್ಡಿ ಸಾಲಕ್ಕೂ ಬೀಳಬಾರದು.

ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ. ಮೊದಲು ಅಲ್ಲಿ ನೋಡಿ. ಸರ್ಕಾರಿ ಹಾಸ್ಟೆಲ್‌ಗೆ ಬೇಗ ಅರ್ಜಿ ಕೊಡಿ. ಅಲ್ಲಿ ಊಟ, ವಸತಿ ಉಚಿತ. ಸ್ವಸಹಾಯ ಸಂಘದಲ್ಲಿ ಇದ್ದರೆ ಸಂಘದ ಕಡಿಮೆ ಬಡ್ಡಿಯ ಸಾಲ ಕೇಳಿ. ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆದು ಸಮಯ ಕೇಳಿ. ಪತ್ರ ನೀವೇ ಬರೆಯಬಹುದು. ಹೀಗೆ:

ದಿನಾಂಕ: ..................

ಗೆ,
ಪ್ರಾಂಶುಪಾಲರು,
.................. ಕಾಲೇಜು

ಮಾನ್ಯರೇ,

ವಿಷಯ: ಫೀಸು ಕಟ್ಟಲು ಸಮಯ ಕೇಳುವ ಬಗ್ಗೆ

ನನ್ನ ಮಗಳು .................. ನಿಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಳೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೇವೆ. ಅರ್ಜಿ ಸಂಖ್ಯೆ ................... ಹಣ ಇನ್ನೂ ಬಂದಿಲ್ಲ. ಫೀಸನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
(ಸಹಿ)

ಹೆಬ್ಬೆಟ್ಟು ಬೇಡ. ನಿಮ್ಮ ಸಹಿ ಹಾಕಿ. ಪತ್ರದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಮೋಸ ಹೋಗಬೇಡಿ

"ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀನಿ, ಮೊದಲು ಎರಡು ಸಾವಿರ ಕೊಡಿ" ಎಂದು ಯಾರಾದರೂ ಬಂದರೆ ಕೊಡಬೇಡಿ. ಎಸ್.ಎಸ್.ಪಿ., ಎನ್.ಎಸ್.ಪಿ. ಅರ್ಜಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅರ್ಜಿ ತುಂಬುವ ಕೇಂದ್ರದವರು ತಮ್ಮ ಕೆಲಸಕ್ಕೆ ಹಣ ಕೇಳಿದರೆ ರಸೀದಿ ಪಡೆಯಿರಿ.

"ನಿಮ್ಮ ಮಗಳಿಗೆ ಹಣ ಬಂದಿದೆ, ಓಟಿಪಿ ಹೇಳಿ" ಎಂದು ಫೋನ್ ಬಂದರೆ ಹೇಳಬೇಡಿ. ಹೇಳಿದರೆ ಖಾತೆಯಲ್ಲಿರುವ ಹಣವೂ ಹೋಗುತ್ತದೆ. ಎದುರಿಗೆ ಕೂತು ಅರ್ಜಿ ಹಾಕಿಸುವಾಗ ಮಾತ್ರ ಅದು ಬೇಕು.

ನೆನಪಿಡಿ

- ವಿದ್ಯಾರ್ಥಿವೇತನ ಸಾಲವಲ್ಲ. ಅದು ಮಕ್ಕಳ ಪಾಲು.
- ಕಾಗದ ಒಂದೇ ಚೀಲದಲ್ಲಿರಲಿ.
- ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರಲಿ.
- ಖಾತೆಗೆ ಆಧಾರ್ ಜೋಡಣೆ ಆಗಿರಲಿ.
- ಕಡೆಯ ದಿನದ ಮೊದಲೇ ಅರ್ಜಿ ಹಾಕಿ. ಪ್ರತಿ ವರ್ಷ ಹಾಕಿ.

ಮಾಡಿ ನೋಡಿ

1. ಇವತ್ತು ಮನೆಗೆ ಹೋಗಿ ಮಗುವಿನ ಆಧಾರ್ ಮತ್ತು ಅಂಕಪಟ್ಟಿ ತೆಗೆಯಿರಿ. ಎರಡರಲ್ಲಿರುವ ಹೆಸರನ್ನೂ ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬರೆಯಿರಿ. ಒಂದೇ ಥರ ಇವೆಯೇ?

2. ಆದಾಯ ಪತ್ರದ ಮೇಲಿನ ದಿನಾಂಕ ಓದಿ. ಅದಕ್ಕೆ ಐದು ವರ್ಷ ಕೂಡಿಸಿ. ಅದು ಯಾವ ವರ್ಷದವರೆಗೆ ನಡೆಯುತ್ತದೆ?

3. ನಿಮ್ಮ ಓಣಿಯಲ್ಲಿ ಎಂಟನೇ ತರಗತಿ, ಹತ್ತನೇ ತರಗತಿ, ಪಿಯುಸಿ ಓದುವ ಮಕ್ಕಳು ಎಷ್ಟು ಮಂದಿ? ಹೆಸರು ಬರೆಯಿರಿ. ಅವರ ತಾಯಂದಿರಿಗೆ ಈ ಪಾಠ ಓದಿ ಹೇಳಿ.

ತೆನೆ ತೆನೆ ಕೂಡಿದರೆ ಬಳ್ಳ ಎನ್ನುತ್ತೇವೆ. ಒಬ್ಬರಿಗೆ ಗೊತ್ತಾದ ಮಾತು ಹತ್ತು ಮನೆಗೆ ಗೊತ್ತಾಗಲಿ. ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಓಣಿಯ ಯಾವ ಮಗುವೂ ಪುಸ್ತಕ ಮುಚ್ಚಿಡದಿರಲಿ.